ತೂಕ, ಹಸಿವು, ಮನಸ್ಸು: ಡಯಟ್ ಎಲ್ಲಿ ಮುಗಿದು ಕಾಯಿಲೆ ಎಲ್ಲಿ ಶುರುವಾಗುತ್ತದೆ?

ತೂಕ ಇಳಿಸುವ ಮಾತು ಈಗ ಜಿಮ್ಮಿನಿಂದ ಔಷಧದ ಅಂಗಡಿಯವರೆಗೆ ಬಂದಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಎಂಬ ಔಷಧಕ್ಕೆ ಭಾರತದಲ್ಲಿದ್ದ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದು. ಆ ಬಳಿಕ ದೇಶಿ ಕಂಪನಿಗಳೂ ಅದನ್ನು ತಯಾರಿಸಬಹುದು ಎಂಬುದರಿಂದ, ಶ್ರೀಮಂತರ ಮನೆಯ ಸಂಗತಿಯಾಗಿದ್ದ ಈ ಚಿಕಿತ್ಸೆ ಮಧ್ಯಮ ವರ್ಗದ ಮನೆಗಳಲ್ಲೂ ಚರ್ಚೆಯ ವಿಷಯವಾಗಿದೆ. ಇದರ ಜೊತೆಗೆ, ಹದಿನೈದು ದಿನಗಳಲ್ಲಿ ಹತ್ತು ಕಿಲೊ ಇಳಿಸುವ ಭರವಸೆ ಕೊಡುವ ವಿಡಿಯೊಗಳು ಹೈಸ್ಕೂಲು ಮಕ್ಕಳ ಮೊಬೈಲಿಗೂ ತಲುಪುತ್ತಿವೆ.

ಹೀಗಿರುವಾಗ ಮೂರು ಪ್ರಶ್ನೆಗಳು ಏಳುತ್ತವೆ. ನಿಜಕ್ಕೂ ತೂಕ ಇಳಿಸಬೇಕಾದವರು ಯಾರು? ಕಷ್ಟಪಟ್ಟು ಇಳಿಸಿದ ತೂಕ ಮತ್ತೆ ಏರುವುದೇಕೆ? ಊಟದ ಮೇಲಿನ ಹತೋಟಿ ಯಾವ ಹಂತದಲ್ಲಿ ವೈದ್ಯಕೀಯ ಅರ್ಥದ ಕಾಯಿಲೆಯಾಗುತ್ತದೆ? ಈ ಮೂರನ್ನೂ ಸಾಮಾನ್ಯವಾಗಿ ಬೇರೆ ಬೇರೆಯಾಗಿ ಚರ್ಚಿಸುತ್ತಾರೆ. ಆದರೆ ಇವುಗಳ ಉತ್ತರಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಏಕೆಂದರೆ ಮೂರರ ಹಿಂದೆಯೂ ಇರುವುದು ಹಸಿವಿಗೆ ನಮ್ಮ ದೇಹ ಪ್ರತಿಕ್ರಿಯಿಸುವ ರೀತಿ.

ತೂಕ ಹೆಚ್ಚಾಗಿದೆ ಎಂದು ಹೇಳುವುದು ಹೇಗೆ?

ವೈದ್ಯರು ಮೊದಲು ನೋಡುವ ಅಳತೆ ಬಿಎಂಐ (ಬಾಡಿ ಮಾಸ್ ಇಂಡೆಕ್ಸ್). ಕಿಲೊಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಇದು ಸಿಗುತ್ತದೆ. 160 ಸೆಂಟಿಮೀಟರ್ ಎತ್ತರ, 64 ಕಿಲೊ ತೂಕ ಇರುವವರ ಬಿಎಂಐ 25. ಈ ಸೂತ್ರವನ್ನು 1830ರ ದಶಕದಲ್ಲಿ ರೂಪಿಸಿದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞ ಮತ್ತು ಖಗೋಳಶಾಸ್ತ್ರಜ್ಞ. ಇಡೀ ಜನಸಮುದಾಯದ ಸರಾಸರಿಯನ್ನು ವರ್ಣಿಸುವುದು ಅವರ ಗುರಿಯಾಗಿತ್ತೇ ಹೊರತು ಒಬ್ಬ ವ್ಯಕ್ತಿಯ ಆರೋಗ್ಯವನ್ನು ತೀರ್ಮಾನಿಸುವುದಾಗಿರಲಿಲ್ಲ. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ ಅವರಿಂದ. ಕೀಸ್ ಅವರ ಹೆಸರು ಮುಂದೆ ಇನ್ನೊಂದು ಕಾರಣಕ್ಕೆ ಮತ್ತೆ ಬರಲಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು, 25 ದಾಟಿದರೆ ಹೆಚ್ಚು, 30 ದಾಟಿದರೆ ಬೊಜ್ಜು. ಭಾರತೀಯ ವೈದ್ಯರು ಈ ಗೆರೆಗಳನ್ನು ಕೆಳಕ್ಕೆ ಎಳೆದಿದ್ದಾರೆ. ನಮ್ಮಲ್ಲಿ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುವುದು ರೂಢಿ. ಇದಕ್ಕೆ ಕಾರಣವನ್ನು 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಒಂದು ಪುಟ್ಟ ಲೇಖನ ಚೆನ್ನಾಗಿ ತೋರಿಸುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಪ್ರೊ. ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ಅದರಲ್ಲಿ ಪ್ರಕಟಿಸಿದ್ದರು. ಇಬ್ಬರ ಬಿಎಂಐ ಕೂಡ ಸರಿಯಾಗಿ 22.3. ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2 ಕೊಬ್ಬು ಕಂಡುಬಂತು. ನೋಡಲು ಸಪೂರವಾಗಿದ್ದರೂ ಒಳಗೆ ಕೊಬ್ಬು ಹೆಚ್ಚಾಗಿರುವ, ಸ್ನಾಯು ಕಡಿಮೆ ಇರುವ ಈ ಮೈಕಟ್ಟು ಭಾರತೀಯರಲ್ಲಿ ಬಹಳ ಸಾಮಾನ್ಯ.

ಕೊಬ್ಬು ಎಷ್ಟಿದೆ ಎನ್ನುವಷ್ಟೇ ಮುಖ್ಯವಾದುದು ಅದು ಎಲ್ಲಿದೆ ಎನ್ನುವುದು. ತೊಡೆ, ನಿತಂಬಗಳ ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳು, ಯಕೃತ್ತುಗಳ ಸುತ್ತ ಸೇರುವ ಕೊಬ್ಬು ಹೆಚ್ಚು ಅಪಾಯಕಾರಿ. ಆದ್ದರಿಂದಲೇ ಟೈಲರ್ ಬಳಿ ಇರುವಂಥ ಸಾದಾ ಅಳತೆಪಟ್ಟಿ ವೈದ್ಯರಿಗೂ ಬೇಕು: ಹೊಟ್ಟೆಯ ಸುತ್ತಳತೆ ಭಾರತೀಯ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಬಿಎಂಐ ಏನೇ ಇದ್ದರೂ ಎಚ್ಚರ ಅಗತ್ಯ. 2025ರ ಜನವರಿಯಲ್ಲಿ ‘ಲ್ಯಾನ್ಸೆಟ್’ ನೇಮಿಸಿದ್ದ ಅಂತರರಾಷ್ಟ್ರೀಯ ತಜ್ಞರ ಆಯೋಗವೂ ಬಿಎಂಐ ಒಂದನ್ನೇ ನೋಡಿ ರೋಗ ನಿರ್ಧರಿಸಬಾರದೆಂದು ಹೇಳಿತು. ಕೊಬ್ಬು ಹೆಚ್ಚಿದ್ದರೂ ಅಂಗಾಂಗಗಳು ಸರಿಯಾಗಿ ಕೆಲಸ ಮಾಡುತ್ತಿರುವವರನ್ನೂ, ಕೊಬ್ಬಿನಿಂದಾಗಿ ಉಸಿರಾಟ, ಹೃದಯ, ಕೀಲುಗಳಿಗೆ ಈಗಾಗಲೇ ತೊಂದರೆ ಆಗಿರುವವರನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು ಎಂಬುದು ಅದರ ಸಲಹೆ.

ಎರಡೂ ತುದಿಗಳಲ್ಲಿ ಅಪಾಯ

ಹೊಟ್ಟೆಯ ಕೊಬ್ಬು ಸುಮ್ಮನೆ ಕುಳಿತಿರುವ ದಾಸ್ತಾನಲ್ಲ. ಅದು ರಕ್ತಕ್ಕೆ ಕೊಬ್ಬಿನಾಮ್ಲಗಳನ್ನೂ ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ಬಿಡುತ್ತಿರುತ್ತದೆ. ಇದರಿಂದ ಸ್ನಾಯು ಮತ್ತು ಯಕೃತ್ತು ಇನ್ಸುಲಿನ್ ಹಾರ್ಮೋನಿನ ಸಂಕೇತಕ್ಕೆ ಸರಿಯಾಗಿ ಓಗೊಡುವುದಿಲ್ಲ, ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಬೇಕಾಗುತ್ತದೆ, ವರ್ಷಗಳ ನಂತರ ಅದೂ ಸೋತಾಗ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ರಕ್ತದೊತ್ತಡ, ಹೃದಯಾಘಾತ, ಯಕೃತ್ತಿನಲ್ಲಿ ಕೊಬ್ಬು ತುಂಬುವುದು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮಂಡಿ ಸವೆತ, ಹೆಣ್ಣುಮಕ್ಕಳಲ್ಲಿ ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ, ಕೆಲವು ಬಗೆಯ ಕ್ಯಾನ್ಸರ್‌ಗಳು ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಇನ್ನೊಂದು ತುದಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತೂಕ ತೀರಾ ಕಡಿಮೆಯಾದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಮೂಳೆಗಳು ತೆಳುವಾಗುತ್ತವೆ, ಮುಟ್ಟು ನಿಲ್ಲುತ್ತದೆ, ಗರ್ಭಿಣಿಯಾದರೆ ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗಬಹುದು. ಕ್ಷಯರೋಗ ತಗಲುವ ಸಾಧ್ಯತೆಯನ್ನು ಹೆಚ್ಚಿಸುವ ಮುಖ್ಯ ಕಾರಣಗಳಲ್ಲಿ ಅಪೌಷ್ಟಿಕತೆಯೂ ಒಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಯಸ್ಕ ಮಹಿಳೆಯರ ಪೈಕಿ ಶೇ 24ರಷ್ಟು ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಶೇ 18.7ರಷ್ಟು ಮಂದಿಯದು 18.5ಕ್ಕಿಂತ ಕಡಿಮೆ ಇತ್ತು. ಕರ್ನಾಟಕದಲ್ಲಿ ತೂಕ ಹೆಚ್ಚಿರುವ ಮಹಿಳೆಯರ ಪ್ರಮಾಣ ಸುಮಾರು ಶೇ 30. ಅದೇ ರಾಜ್ಯದಲ್ಲಿ ಹೆಚ್ಚುಕಡಿಮೆ ಆರು ಮಹಿಳೆಯರಲ್ಲಿ ಒಬ್ಬರ ತೂಕ ಸಾಲದು. ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಎರಡೂ ಇರುತ್ತವೆ.

ಮಿನ್ನೆಸೋಟದ 36 ಯುವಕರು

ಹಸಿದಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಇಷ್ಟು ವಿವರವಾಗಿ ದಾಖಲಿಸಿದ ಇನ್ನೊಂದು ಪ್ರಯೋಗ ಸಿಗುವುದು ಕಷ್ಟ. ಇಂದು ಅಂಥ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಅನುಮತಿ ಕೊಡಲಾರದು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಲಕ್ಷಾಂತರ ಜನ ಉಪವಾಸ ಬಿದ್ದಿದ್ದರು. ಅವರಿಗೆ ಮತ್ತೆ ಊಟ ಕೊಡುವುದು ಹೇಗೆ ಎಂದು ತಿಳಿಯಲು ಆನ್ಸೆಲ್ ಕೀಸ್ ಮತ್ತು ಅವರ ತಂಡ 1944ರ ನವೆಂಬರ್‌ನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಅಧ್ಯಯನ ಆರಂಭಿಸಿತು. ಯುದ್ಧದಲ್ಲಿ ಆಯುಧ ಹಿಡಿಯಲು ನಿರಾಕರಿಸಿದ್ದ, ಮೈ ಮನಸ್ಸು ಎರಡೂ ಗಟ್ಟಿಯಾಗಿದ್ದ 36 ಯುವಕರು ಸ್ವಇಚ್ಛೆಯಿಂದ ಇದಕ್ಕೆ ಒಪ್ಪಿಕೊಂಡರು.

ಮೊದಲ ಹನ್ನೆರಡು ವಾರ ಅವರಿಗೆ ಸಾಕಷ್ಟು ಊಟ ಕೊಡಲಾಯಿತು. ಆಮೇಲಿನ 24 ವಾರಗಳಲ್ಲಿ ದಿನಕ್ಕೆ ಎರಡು ಹೊತ್ತು ಆಲೂಗಡ್ಡೆ, ಟರ್ನಿಪ್, ಬ್ರೆಡ್, ಮ್ಯಾಕರೋನಿಯಂಥ ಯುದ್ಧಕಾಲದ ಆಹಾರ. ಒಟ್ಟು ಸುಮಾರು 1,570 ಕ್ಯಾಲೊರಿ. ವಾರಕ್ಕೆ ಸುಮಾರು 35 ಕಿಲೊಮೀಟರ್ ನಡಿಗೆ ಕಡ್ಡಾಯವಾಗಿತ್ತು. ತಮ್ಮ ತೂಕದ ಕಾಲು ಭಾಗದಷ್ಟನ್ನು ಅವರು ಕಳೆದುಕೊಳ್ಳಬೇಕೆಂಬುದು ಯೋಜನೆ, ಹೆಚ್ಚುಕಡಿಮೆ ಹಾಗೆಯೇ ಆಯಿತು. ಇಲ್ಲಿ ಒಂದು ಅಂಶವನ್ನು ನಿಂತು ನೋಡಬೇಕು. ವಿಜ್ಞಾನಿಗಳು ‘ಅರೆ ಉಪವಾಸ’ ಎಂದು ಕರೆದ ಈ ಪ್ರಮಾಣಕ್ಕಿಂತಲೂ ಕಡಿಮೆ ಆಹಾರವನ್ನು ಇಂದಿನ ಎಷ್ಟೋ ‘ಡಯಟ್ ಪ್ಲಾನ್’ಗಳು ಸಲೀಸಾಗಿ ಸೂಚಿಸುತ್ತವೆ. ಆ ಯುವಕರು ದೊಡ್ಡ ಮೈಕಟ್ಟಿನವರು, ಅವರ ಅಗತ್ಯ ಹೆಚ್ಚಿತ್ತು, ನಿಜ. ಆದರೂ ಹೋಲಿಕೆ ಕಸಿವಿಸಿ ಹುಟ್ಟಿಸುತ್ತದೆ.

ದೇಹದಲ್ಲಿ ಆದ ಬದಲಾವಣೆಗಳು ನಿರೀಕ್ಷಿತವೇ ಆಗಿದ್ದವು. ಎದೆಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿಯಾಗತೊಡಗಿತು, ಕೂದಲು ಉದುರಿತು, ಕಾಲು ಊದಿಕೊಂಡಿತು, ಲೈಂಗಿಕ ಆಸಕ್ತಿ ಇಲ್ಲವಾಯಿತು. ಯಾರೂ ನಿರೀಕ್ಷಿಸದಿದ್ದುದು ಮನಸ್ಸಿನ ಬದಲಾವಣೆ. ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದವರು ಪಾಕಪುಸ್ತಕಗಳನ್ನು ಕೂಡಿಡತೊಡಗಿದರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು, ವಿಚಿತ್ರವಾಗಿ ಕಲಸಿ ತಿಂದರು, ತಟ್ಟೆ ನೆಕ್ಕಿದರು. ಗೆಳೆಯರಿಂದ ದೂರ ಸರಿದರು, ಸಿಡುಕಿದರು, ಖಿನ್ನರಾದರು. ಕೆಲವರು ನಿಯಮ ಮುರಿದು ಕದ್ದು ತಿಂದು, ಆಮೇಲೆ ತಪ್ಪಿತಸ್ಥ ಭಾವದಿಂದ ನರಳಿದರು. ಮತ್ತೆ ಊಟ ಕೊಡಲು ಆರಂಭಿಸಿದ ಮೇಲೂ ಹಲವರಿಗೆ ತೃಪ್ತಿ ಎಂಬುದು ಸಿಗಲಿಲ್ಲ. ಹೊಟ್ಟೆ ಬಿರಿಯುವಷ್ಟು ಉಂಡ ಬಳಿಕವೂ ಹಸಿವು ಉಳಿದಿತ್ತು. ಮರಳಿ ಬಂದ ತೂಕದಲ್ಲಿ ಸ್ನಾಯುವಿಗಿಂತ ಕೊಬ್ಬು ಮುಂದಿತ್ತು.

1950ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಈ ವರದಿಯನ್ನು ಇಂದು ಈಟಿಂಗ್ ಡಿಸಾರ್ಡರ್ (ತಿನ್ನುವ ರೀತಿಗೆ ಸಂಬಂಧಿಸಿದ ಮನೋರೋಗ) ತಜ್ಞರು ಓದುವುದು ಒಂದು ಕಾರಣಕ್ಕೆ: ಕಾಯಿಲೆಯ ಲಕ್ಷಣಗಳೆಂದು ಅವರು ತಮ್ಮ ರೋಗಿಗಳಲ್ಲಿ ಕಾಣುವ ಎಷ್ಟೋ ವರ್ತನೆಗಳು, ಮೊದಲು ಪೂರ್ತಿ ಆರೋಗ್ಯವಾಗಿದ್ದ ಈ ಯುವಕರಲ್ಲಿ ಬರೀ ಹಸಿವಿನಿಂದಲೇ ಹುಟ್ಟಿಕೊಂಡಿದ್ದವು.

ಇಳಿದ ತೂಕ ಮತ್ತೆ ಏರುವುದೇಕೆ?

ನಮ್ಮ ಪೂರ್ವಜರು ಬರಗಾಲಗಳನ್ನು ದಾಟಿ ಬಂದವರು. ಮದುವೆಯ ಸೀರೆಯ ರವಿಕೆಗೆ ಮೈ ಹೊಂದಿಸಲು ಊಟ ಬಿಟ್ಟಿದ್ದೇವೋ, ಬರದಿಂದ ಊಟ ಸಿಕ್ಕಿಲ್ಲವೋ ಎಂಬ ವ್ಯತ್ಯಾಸ ದೇಹಕ್ಕೆ ತಿಳಿಯುವುದಿಲ್ಲ. ಆದಾಯ ದಿಢೀರನೆ ಅರ್ಧಕ್ಕಿಳಿದ ಮನೆಯನ್ನು ಊಹಿಸಿಕೊಳ್ಳಿ. ಮೊದಲು ಹಬ್ಬ, ಪ್ರವಾಸಗಳು ನಿಲ್ಲುತ್ತವೆ. ಆಮೇಲೆ ಸುಣ್ಣ ಬಣ್ಣ, ಆಮೇಲೆ ಸೋರುವ ಮಾಡಿನ ರಿಪೇರಿ ಮುಂದಕ್ಕೆ ಹೋಗುತ್ತವೆ. ಮತ್ತೆ ಕೈಗೆ ಹಣ ಬಂದ ದಿನ ಮನೆಯವರು ಮಾಡುವ ಮೊದಲ ಕೆಲಸ ಅಕ್ಕಿಮೂಟೆ ತಂದು ಇಡುವುದು. ದೇಹವೂ ಸಂತಾನೋತ್ಪತ್ತಿ, ಕೂದಲು, ಮೂಳೆ, ಮೈಬಿಸಿ ಇವುಗಳ ಖರ್ಚನ್ನು ಹೀಗೆಯೇ ಕಡಿತಗೊಳಿಸುತ್ತದೆ, ಊಟ ಸಿಕ್ಕ ಕೂಡಲೇ ಕೊಬ್ಬು ಕೂಡಿಡಲು ಹೊರಡುತ್ತದೆ.

ಇದನ್ನು ನಡೆಸುವುದು ಹಾರ್ಮೋನುಗಳು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ ಗುರುತಿಸಿದ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಿಂದಲೇ ಹೊರಟು, ದಾಸ್ತಾನು ಎಷ್ಟಿದೆ ಎಂದು ಮಿದುಳಿಗೆ ತಿಳಿಸುತ್ತದೆ. ಕೊಬ್ಬು ಕರಗಿದಾಗ ಲೆಪ್ಟಿನ್ ಕುಸಿಯುತ್ತದೆ, ಮಿದುಳು ಅದನ್ನು ಅಪಾಯವೆಂದು ಓದುತ್ತದೆ. ಜಠರದಿಂದ ಬರುವ ಗ್ರೆಲಿನ್ ಹಸಿವನ್ನು ಹೆಚ್ಚಿಸುತ್ತದೆ. ಆಸ್ಟ್ರೇಲಿಯದ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಹತ್ತು ವಾರಗಳ ಕಠಿಣ ಡಯಟ್‌ನಿಂದ ತೂಕ ಇಳಿಸಿದವರಲ್ಲಿ ಒಂದು ವರ್ಷದ ನಂತರವೂ ಲೆಪ್ಟಿನ್ ಕಡಿಮೆ, ಗ್ರೆಲಿನ್ ಹೆಚ್ಚು ಇತ್ತು. ಹಸಿವೂ ಮೊದಲಿಗಿಂತ ಹೆಚ್ಚಾಗಿಯೇ ಉಳಿದಿತ್ತು. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ಇನ್ನೂ ಕಟುವಾಗಿದೆ. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೊ ಇಳಿಸಿದ್ದವರಲ್ಲಿ ಸರಾಸರಿ 41 ಕಿಲೊ ಮರಳಿತ್ತು. ಸುಮ್ಮನೆ ಮಲಗಿದ್ದಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ಅವರ ಮೈಕಟ್ಟಿಗೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಡಯಟ್ ಸೋತಾಗ ಮನೋಬಲ ಸಾಲದು ಎಂದು ತಮ್ಮನ್ನು ತಾವೇ ಬೈದುಕೊಳ್ಳುವವರಿಗೆ ಈ ಅಂಕಿ ಗೊತ್ತಿರಬೇಕು.

ಹಾಗಾದರೆ ಮೊದಲ ವಾರ ಅಷ್ಟು ಬೇಗ ತೂಕ ಇಳಿಯುವುದು ಹೇಗೆ? ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಅರ್ಧ ಕಿಲೊದಷ್ಟು ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಮುದ್ದೆ, ಚಪಾತಿ ಬಿಟ್ಟ ಕೆಲವೇ ದಿನಗಳಲ್ಲಿ ಈ ದಾಸ್ತಾನು ಖಾಲಿಯಾಗಿ ನೀರು ಮೂತ್ರದಲ್ಲಿ ಹೋಗುತ್ತದೆ, ತಕ್ಕಡಿಯ ಮುಳ್ಳು ಕೆಳಗಿಳಿಯುತ್ತದೆ. ಜಾಹೀರಾತುಗಳು ತೋರಿಸುವ ‘ಮೊದಲು–ನಂತರ’ದ ಲೆಕ್ಕದಲ್ಲಿ ಒಂದು ಪಾಲು ಇದೇ ನೀರು.

ಚಾಲ್ತಿಯಲ್ಲಿರುವ ಡಯಟ್‌ಗಳು

ಹಿಟ್ಟು, ಸಕ್ಕರೆಯ ಅಂಶ ತೀರಾ ಕಡಿಮೆ ಮಾಡಿ ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೊ ಡಯಟ್ ತೂಕ ಇಳಿಸಲೆಂದು ಹುಟ್ಟಿದ್ದಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಇದನ್ನು ಮೂರ್ಛೆರೋಗಕ್ಕೆ ಚಿಕಿತ್ಸೆಯಾಗಿ ಸೂಚಿಸಿದರು. ಇಂದಿಗೂ ಔಷಧಕ್ಕೆ ಬಗ್ಗದ ಮೂರ್ಛೆರೋಗವಿರುವ ಮಕ್ಕಳಿಗೆ ವೈದ್ಯರ ನಿಗಾದಲ್ಲಿ ಇದನ್ನು ಕೊಡುತ್ತಾರೆ. ಹಿಟ್ಟು, ಸಕ್ಕರೆಯ ಅಂಶ ಸಿಗದಾಗ ದೇಹ ಕೊಬ್ಬನ್ನು ಒಡೆದು ಕೀಟೋನ್‌ಗಳನ್ನು ತಯಾರಿಸಿ ಮಿದುಳಿಗೆ ಉಣಿಸುತ್ತದೆ ಎಂಬುದು ಇದರ ತತ್ತ್ವ. ತೂಕ ಇಳಿಯುವುದು ನಿಜ. ಆದರೆ ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಕೆ ಇದರ ಜೊತೆಗೆ ಬರಬಹುದು. ಸಕ್ಕರೆ ಕಾಯಿಲೆಗೆ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಸ್ವಂತ ತೀರ್ಮಾನದಿಂದ ಇದನ್ನು ಮಾಡುವುದು ಅಪಾಯ.

ದಿನದ ಎಂಟು ಗಂಟೆಯಲ್ಲಿ ಮಾತ್ರ ಉಣ್ಣುವ ‘ಇಂಟರ್ಮಿಟೆಂಟ್ ಫಾಸ್ಟಿಂಗ್’ ಏಕಾದಶಿ, ರಂಜಾನ್, ಸೋಮವಾರದ ಒಪ್ಪೊತ್ತು ಇರುವ ನಾಡಿಗೆ ಹೊಸದೆನ್ನಿಸುವುದಿಲ್ಲ. 2022ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ಬೊಜ್ಜು ಇರುವ 139 ಜನರ ಮೇಲೆ ನಡೆದ ಒಂದು ವರ್ಷದ ಪ್ರಯೋಗದಲ್ಲಿ, ಒಂದೇ ಪ್ರಮಾಣದ ಕ್ಯಾಲೊರಿಯನ್ನು ಎಂಟು ಗಂಟೆಯೊಳಗೆ ತಿಂದವರಿಗೂ ದಿನವಿಡೀ ಹಂಚಿ ತಿಂದವರಿಗೂ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೆಲವರಿಗೆ ಇದು ಅನುಕೂಲಕರ ವೇಳಾಪಟ್ಟಿ, ಅಷ್ಟೇ. ಜ್ಯೂಸ್ ಕುಡಿದು ‘ಡಿಟಾಕ್ಸ್’ ಮಾಡುವ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ: ದೇಹದ ಕಲ್ಮಶ ಹೊರಹಾಕುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಣ ಕೇಳದೆ ಮಾಡುತ್ತಿವೆ.

ಅತಿ ವೇಗದ ಡಯಟ್‌ಗಳು ಪ್ರಾಣಕ್ಕೇ ಎರವಾಗಬಲ್ಲವು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನನ್ನಷ್ಟೇ ಕುಡಿದು ಬದುಕುವ ಡಯಟ್ ಜನಪ್ರಿಯವಾಗಿತ್ತು. ಸುಮಾರು 60 ಸಾವುಗಳಿಗೆ ಅದರ ಸಂಬಂಧ ಕಂಡುಬಂತು. ಹಲವರು ಹೃದಯದ ಲಯ ತಪ್ಪಿ ಹಠಾತ್ತನೆ ತೀರಿಕೊಂಡಿದ್ದರು. ಪಿತ್ತಕೋಶದ ಕಲ್ಲು ಕೂಡ ಬೇಗ ತೂಕ ಇಳಿಸುವವರಲ್ಲಿ ಸಾಮಾನ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಾರಕ್ಕೆ ಅರ್ಧ ಕಿಲೊದಷ್ಟು ಇಳಿಕೆಯನ್ನು ಸುರಕ್ಷಿತ ಎನ್ನುತ್ತದೆ. ತೂಕ ಇಳಿಸುವವರ ಆಹಾರವೂ ದಿನಕ್ಕೆ 1,000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು ಎಂಬುದು ಅದರ ಸೂಚನೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ; ಅವರಿಗೆ ವೈದ್ಯರ ಸಲಹೆಯಿಲ್ಲದೆ ಯಾವ ಡಯಟ್ ಕೂಡ ಸಲ್ಲದು.

ಇನ್ನು ಚುಚ್ಚುಮದ್ದುಗಳು. ಊಟವಾದ ಮೇಲೆ ಕರುಳು ಜಿಎಲ್‌ಪಿ–1 ಎಂಬ ಹಾರ್ಮೋನನ್ನು ಬಿಡುತ್ತದೆ. ಹೊಟ್ಟೆ ತುಂಬಿತು ಎಂಬ ಭಾವನೆಗೆ ಇದೂ ಒಂದು ಕಾರಣ. ಸೆಮಾಗ್ಲುಟೈಡ್ ಇದರ ಕೆಲಸವನ್ನೇ ಅನುಕರಿಸುತ್ತದೆ, ಆದರೆ ನಿಮಿಷಗಳ ಬದಲು ದಿನಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 68 ವಾರಗಳ ನಂತರ ಔಷಧ ಪಡೆದವರ ತೂಕ ಸರಾಸರಿ ಶೇ 14.9ರಷ್ಟು ಇಳಿಯಿತು, ಹುಸಿಮದ್ದು ಪಡೆದವರಲ್ಲಿ ಇಳಿದದ್ದು ಶೇ 2.4. ಆದರೆ ಔಷಧ ನಿಲ್ಲಿಸಿ ಒಂದು ವರ್ಷವಾಗುವಷ್ಟರಲ್ಲಿ, ಇಳಿದುದರ ಮೂರನೇ ಎರಡು ಭಾಗ ಮರಳಿತ್ತು. ರಕ್ತದೊತ್ತಡದ ಮಾತ್ರೆಗಳ ಹಾಗೆ ಇದೂ ದೀರ್ಘಕಾಲದ ಚಿಕಿತ್ಸೆ ಎಂಬುದು ಇದರಿಂದ ಸ್ಪಷ್ಟ. ಓಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ ಅಡ್ಡಪರಿಣಾಮಗಳು. ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಬೊಜ್ಜಿನಿಂದ ನಿಜಕ್ಕೂ ತೊಂದರೆ ಇರುವವರಿಗೆ ಇದು ದೊಡ್ಡ ಮುನ್ನಡೆಯೇ ಸರಿ. ಮದುವೆಯ ಫೋಟೊಗಾಗಿ ಐದು ಕಿಲೊ ಇಳಿಸಬೇಕೆನ್ನುವವರಿಗಾಗಿ ಈ ಔಷಧ ಬಂದದ್ದಲ್ಲ. ಹಸಿವನ್ನೇ ಶತ್ರುವೆಂದು ಭಾವಿಸಿರುವ, ಈಟಿಂಗ್ ಡಿಸಾರ್ಡರ್ ಇರುವ ವ್ಯಕ್ತಿಯ ಕೈಗೆ ಸಿಕ್ಕರೆ ಇದು ಅಪಾಯಕಾರಿ.

ಈಟಿಂಗ್ ಡಿಸಾರ್ಡರ್ ಎಂದರೇನು?

ಆಹಾರ, ತೂಕ, ಮೈಯ ಆಕಾರ ಇವುಗಳ ಕುರಿತ ಯೋಚನೆಯೇ ದಿನವನ್ನು ಆಳತೊಡಗಿ, ತಿನ್ನುವ ರೀತಿ ಆರೋಗ್ಯಕ್ಕೋ ಬದುಕಿಗೋ ಹಾನಿ ಮಾಡಿದಾಗ ಅದನ್ನು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಇವು ಮನೋರೋಗಗಳ ಪಟ್ಟಿಯಲ್ಲಿರುವ ಕಾಯಿಲೆಗಳು. ಶೋಕಿಯೂ ಅಲ್ಲ, ಹಠಮಾರಿತನವೂ ಅಲ್ಲ.

ಅನೊರೆಕ್ಸಿಯಾ ನರ್ವೋಸಾ ಇವುಗಳಲ್ಲಿ ಅತ್ಯಂತ ಮಾರಕವಾದುದು. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಇದಕ್ಕೆ ಈ ಹೆಸರಿಟ್ಟರು. ಇದಕ್ಕೆ ಒಳಗಾದವರು ಊಟವನ್ನು ತೀವ್ರವಾಗಿ ಕಡಿಮೆ ಮಾಡುತ್ತಾರೆ, ದಪ್ಪಗಾಗುವ ಭಯ ಅವರನ್ನು ಕಾಡುತ್ತದೆ, ಮೂಳೆ ಕಾಣುವಷ್ಟು ಸೊರಗಿದರೂ ಕನ್ನಡಿಯಲ್ಲಿ ತಮ್ಮನ್ನು ದಪ್ಪವೆಂದೇ ಕಾಣುತ್ತಾರೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಇವರು ಸಾಯುವ ಸಂಭವ ಅದೇ ವಯಸ್ಸಿನ ಇತರರಿಗಿಂತ ಐದು ಪಟ್ಟಿಗೂ ಹೆಚ್ಚು. ಆ ಸಾವುಗಳಲ್ಲಿ ಐದರಲ್ಲಿ ಒಂದು ಆತ್ಮಹತ್ಯೆ. ಅಮೆರಿಕದ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ 32ನೇ ವಯಸ್ಸಿನಲ್ಲಿ ಇದೇ ಕಾಯಿಲೆಯಿಂದ ಉಂಟಾದ ಹೃದಯದ ತೊಂದರೆಯಿಂದ ತೀರಿಕೊಂಡಾಗ ಸಾಮಾನ್ಯ ಜನರಲ್ಲಿ ಹಲವರು ಮೊದಲ ಬಾರಿಗೆ ಇದರ ಹೆಸರು ಕೇಳಿದರು.

ಬುಲಿಮಿಯಾ ನರ್ವೋಸಾವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದರು. ಹತೋಟಿ ತಪ್ಪಿ ಒಮ್ಮೆಲೇ ಬಹಳ ತಿನ್ನುವುದು, ಆಮೇಲೆ ವಾಂತಿ, ಭೇದಿ ಮಾತ್ರೆ, ಉಪವಾಸ ಅಥವಾ ಅತಿ ವ್ಯಾಯಾಮದಿಂದ ಅದನ್ನು ಸರಿದೂಗಿಸಲು ಯತ್ನಿಸುವುದು ಇದರ ಲಕ್ಷಣ. ತೂಕ ಸಾಮಾನ್ಯವಾಗಿಯೇ ಇರುವುದರಿಂದ ಮನೆಯವರಿಗೆ ವರ್ಷಗಟ್ಟಲೆ ತಿಳಿಯದೇ ಹೋಗಬಹುದು. ಪದೇ ಪದೇ ವಾಂತಿಯಾದರೆ ಹಲ್ಲಿನ ಎನಾಮೆಲ್ ಸವೆಯುತ್ತದೆ, ಕೆನ್ನೆಯ ಗ್ರಂಥಿಗಳು ಊದುತ್ತವೆ, ರಕ್ತದಲ್ಲಿ ಪೊಟಾಶಿಯಂ ಕುಸಿದು ಹೃದಯದ ಬಡಿತ ನಿಲ್ಲುವ ಅಪಾಯವೂ ಇದೆ. ದಂತವೈದ್ಯರೇ ಇದನ್ನು ಮೊದಲು ಪತ್ತೆಹಚ್ಚುವುದೂ ಉಂಟು.

ಹತೋಟಿ ತಪ್ಪಿ ತಿನ್ನುವುದಷ್ಟೇ ಇದ್ದು, ಅದನ್ನು ಹೊರಹಾಕುವ ಯತ್ನ ಇಲ್ಲದಿದ್ದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್. 2013ರಲ್ಲಷ್ಟೇ ಅಮೆರಿಕದ ಮನೋವೈದ್ಯರ ಕೈಪಿಡಿ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಬೊಜ್ಜಿಗೆ ಚಿಕಿತ್ಸೆ ಬಯಸಿ ಬರುವವರಲ್ಲಿ ಇದು ಸಾಕಷ್ಟು ಕಂಡುಬರುತ್ತದೆ. ಅವರಿಗೆ ಇನ್ನೊಂದು ಕಠಿಣ ಡಯಟ್ ಚೀಟಿ ಬರೆದುಕೊಟ್ಟರೆ ಏನಾಗುತ್ತದೆ ಎಂಬುದನ್ನು ಮಿನ್ನೆಸೋಟದ ಯುವಕರು ಆಗಲೇ ತೋರಿಸಿದ್ದಾರೆ.

ಡಯಟ್ ಮಾಡಿದವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ. ವಂಶವಾಹಿಗಳ ಪಾತ್ರ ದೊಡ್ಡದು. ಆತಂಕ, ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಸ್ವಭಾವ, ಬಾಲ್ಯದಲ್ಲಿ ಮೈಯ ಬಗ್ಗೆ ಕೇಳಿದ ಹೀಯಾಳಿಕೆ ಜೊತೆಗೂಡುತ್ತವೆ. ಭರತನಾಟ್ಯ, ಜಿಮ್ನಾಸ್ಟಿಕ್ಸ್, ಮಾಡೆಲಿಂಗ್, ಕುಸ್ತಿಯಂತೆ ತೂಕಕ್ಕೆ ಬೆಲೆ ಕಟ್ಟುವ ಕ್ಷೇತ್ರಗಳಲ್ಲಿ ಅಪಾಯ ಹೆಚ್ಚು. ಹುಡುಗರೂ ಇದರಿಂದ ಹೊರತಲ್ಲ. ಅವರಲ್ಲಿ ಅದು ಸಪೂರವಾಗುವ ಹಂಬಲಕ್ಕಿಂತ, ಸ್ನಾಯು ಸಾಲದೆಂಬ ಕೊರಗಾಗಿ ಪ್ರೋಟೀನ್ ಡಬ್ಬಿ ಮತ್ತು ಸ್ಟೀರಾಯ್ಡ್‌ಗಳ ಕಡೆ ಹೊರಳುವುದು ಹೆಚ್ಚು.

ನಮ್ಮಲ್ಲಿ ಇದು ಕಣ್ಣಿಗೆ ಬೀಳದಿರುವುದೇಕೆ?

ಇದು ಪಾಶ್ಚಾತ್ಯರ, ಅದೂ ಸಿರಿವಂತ ಹುಡುಗಿಯರ ಕಾಯಿಲೆ ಎಂಬ ನಂಬಿಕೆ ಬಹಳ ಕಾಲ ವೈದ್ಯರಲ್ಲೂ ಇತ್ತು. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ಹಾರ್ವರ್ಡ್‌ನ ಆನ್ ಬೆಕರ್ ನಡೆಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ಮೈ ತುಂಬಿಕೊಂಡಿರುವುದನ್ನೇ ಚೆಲುವೆಂದು ಬಗೆಯುತ್ತಿದ್ದ ಅಲ್ಲಿನ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಆಗ ಪ್ರಶ್ನಿಸಿದ ಶಾಲಾ ಹುಡುಗಿಯರಲ್ಲಿ ತೂಕಕ್ಕಾಗಿ ವಾಂತಿ ಮಾಡುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಅಂಥವರು ಶೇ 11.3ರಷ್ಟಿದ್ದರು. ಆಗಿನ್ನೂ ಸ್ಮಾರ್ಟ್‌ಫೋನ್ ಜನಸಾಮಾನ್ಯರ ಕೈಗೆ ಬಂದಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಭಾರತದಲ್ಲಿ ಕಾಯಿಲೆಯ ಮುಖ ಸ್ವಲ್ಪ ಬೇರೆ. ‘ದಪ್ಪಗಾಗುತ್ತೇನೆ’ ಎಂದು ಹೇಳದೆ, ‘ಹೊಟ್ಟೆ ಉಬ್ಬರಿಸುತ್ತದೆ, ಊಟ ಸೇರುವುದಿಲ್ಲ, ತಿಂದದ್ದು ನಿಲ್ಲುವುದಿಲ್ಲ’ ಎಂದು ಹೇಳುವ ರೋಗಿಗಳು ನಮ್ಮಲ್ಲಿ ಸಾಕಷ್ಟಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಕ್ಕಳ ಮನೋವೈದ್ಯ ವಿಭಾಗದಿಂದ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈಟಿಂಗ್ ಡಿಸಾರ್ಡರ್ ಎಂದು ದಾಖಲಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಇದ್ದದ್ದು ಮಾನಸಿಕ ಕಾರಣದ ವಾಂತಿ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಮನೋವೈದ್ಯರ ಸಮೀಕ್ಷೆಯೊಂದರಲ್ಲಿ ಭಾಗವಹಿಸಿದವರ ಪೈಕಿ ಸುಮಾರು ಮೂರನೇ ಎರಡರಷ್ಟು ಮಂದಿ ತಾವು ಇಂಥ ರೋಗಿಯನ್ನು ನೋಡಿರುವುದಾಗಿ ಹೇಳಿದ್ದರು. ಅವರಲ್ಲಿಗೆ ಬರುವ ಮುಂಚೆ ಇಂಥ ಹುಡುಗಿಗೆ ನಮ್ಮೂರಿನಲ್ಲಿ ಸಿಗುವ ಮೊದಲ ರೋಗನಿರ್ಣಯ ಬಹುಶಃ ‘ಗ್ಯಾಸ್ಟ್ರಿಕ್’. ಎಂಡೊಸ್ಕೋಪಿ, ಸ್ಕ್ಯಾನಿಂಗ್ ಮುಗಿದು, ದೃಷ್ಟಿ ತೆಗೆಸಿ, ಆಮೇಲೆ ಯಾರಿಗಾದರೂ ಮನಸ್ಸಿನ ಕಡೆ ಗಮನ ಹೋದರೆ ಉಂಟು. ವ್ರತ, ಉಪವಾಸಗಳು ಊಟ ಬಿಡುವುದಕ್ಕೆ ಮನೆಯವರೂ ಪ್ರಶ್ನಿಸದ ಕಾರಣ ಒದಗಿಸುತ್ತವೆ. ನೆಂಟರಿಷ್ಟರ ‘ಎಷ್ಟು ದಪ್ಪಗಾಗಿದ್ದೀಯೆ, ಗಂಡು ಸಿಗುವುದು ಹೇಗೆ?’ ಎಂಬ ಮಾತು ಕುಶಲೋಪರಿಯ ಭಾಗವೇ ಆಗಿರುವಲ್ಲಿ, ತೂಕ ಇಳಿಯತೊಡಗಿದ ಹುಡುಗಿಗೆ ಮೊದಲು ಸಿಗುವುದು ಮೆಚ್ಚುಗೆ. ಕಾಯಿಲೆ ಬೇರೂರುವುದು ಆ ಹಂತದಲ್ಲೇ.

ಗುರುತಿಸುವುದು ಮತ್ತು ಚಿಕಿತ್ಸೆ

ಬ್ರಿಟನ್ನಿನ ವೈದ್ಯರು 1999ರಲ್ಲಿ ರೂಪಿಸಿದ ಐದು ಪ್ರಶ್ನೆಗಳ ಒಂದು ಸರಳ ಪರೀಕ್ಷೆ ಇದೆ. ಹೊಟ್ಟೆ ತೀರಾ ತುಂಬಿದಂತೆನಿಸಿ ವಾಂತಿ ಮಾಡಿಕೊಳ್ಳುತ್ತೀರಾ, ಎಷ್ಟು ತಿನ್ನುತ್ತೀರಿ ಎಂಬುದರ ಹತೋಟಿ ಕಳೆದುಕೊಂಡಂತೆ ಚಿಂತೆಯಾಗುತ್ತದೆಯೆ, ಈಚಿನ ಮೂರು ತಿಂಗಳಲ್ಲಿ ಆರು ಕಿಲೊಗೂ ಹೆಚ್ಚು ಇಳಿದಿದ್ದೀರಾ, ಬೇರೆಯವರು ಸಪೂರ ಎಂದರೂ ನೀವು ದಪ್ಪವೆಂದೇ ನಂಬುತ್ತೀರಾ, ಆಹಾರ ನಿಮ್ಮ ಬದುಕನ್ನು ಆಳುತ್ತಿದೆ ಎನ್ನಿಸುತ್ತದೆಯೆ ಎಂದು ಅದು ಕೇಳುತ್ತದೆ. ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಮನೆಯವರ ಕಣ್ಣಿಗೆ ಬೀಳುವ ಗುರುತುಗಳು ಬೇರೆ: ಎಲ್ಲರ ಜೊತೆ ಊಟಕ್ಕೆ ಕೂರದಿರುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ಸಡಿಲ ಬಟ್ಟೆ, ಸದಾ ಚಳಿ, ತಿಂಗಳುಗಟ್ಟಲೆ ಮುಟ್ಟಾಗದಿರುವುದು, ತಾನು ತಿನ್ನದೆ ಇತರರಿಗೆ ಮಾತ್ರ ಅಡುಗೆ ಮಾಡಿ ಬಡಿಸುವುದು.

ಬಹಳ ದಿನ ಊಟ ಬಿಟ್ಟವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದು ಪ್ರೀತಿಯಿಂದ ಮಾಡಿದರೂ ಅಪಾಯ. ಸಕ್ಕರೆಯ ಅಂಶ ದಿಢೀರನೆ ಏರಿದಾಗ ಇನ್ಸುಲಿನ್ ರಕ್ತದಲ್ಲಿರುವ ಫಾಸ್ಫೇಟ್, ಪೊಟಾಶಿಯಂಗಳನ್ನು ಕೋಶಗಳ ಒಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅವು ಕುಸಿದು ಹೃದಯ, ಉಸಿರಾಟ ನಿಲ್ಲಬಹುದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಕೈದಿಗಳಲ್ಲಿ ಇದನ್ನು ಕಂಡ ವೈದ್ಯರು ಆಘಾತಗೊಂಡಿದ್ದರು. ಆದ್ದರಿಂದ ತೀವ್ರವಾಗಿ ಸೊರಗಿದವರಿಗೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ಇಸಿಜಿ ಮಾಡಿಸಿ, ಹಂತ ಹಂತವಾಗಿ ಆಹಾರ ಹೆಚ್ಚಿಸುತ್ತಾರೆ.

ತೂಕ ಮರಳದೆ ಮಾತಿನ ಚಿಕಿತ್ಸೆ ಹೆಚ್ಚು ಫಲ ಕೊಡುವುದಿಲ್ಲ, ಏಕೆಂದರೆ ಹಸಿದ ಮಿದುಳು ಹೊಸದನ್ನು ಕಲಿಯುವ ಸ್ಥಿತಿಯಲ್ಲಿರುವುದಿಲ್ಲ. ಹದಿಹರೆಯದವರ ಅನೊರೆಕ್ಸಿಯಾಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದ ಕುಟುಂಬಾಧಾರಿತ ಚಿಕಿತ್ಸೆಗೆ ಹೆಚ್ಚಿನ ಪುರಾವೆ ಇದೆ. ಅದರಲ್ಲಿ ಅಪ್ಪ ಅಮ್ಮನನ್ನು ದೂರುವುದಿಲ್ಲ. ಮಗುವಿಗೆ ಉಣಿಸುವ ಹೊಣೆಯನ್ನು ತಾತ್ಕಾಲಿಕವಾಗಿ ಅವರೇ ಹೊತ್ತು, ತೂಕ ಮರಳಿದಂತೆ ಆ ಹೊಣೆಯನ್ನು ಮತ್ತೆ ಮಗುವಿನ ಕೈಗೆ ಕೊಡುತ್ತಾರೆ. ಕೂಡಿ ಉಣ್ಣುವ ರೂಢಿ ಇನ್ನೂ ಉಳಿದಿರುವ ನಮ್ಮ ಮನೆಗಳಿಗೆ ಇದು ಹೊಂದುವ ವಿಧಾನ. ಬುಲಿಮಿಯಾ ಮತ್ತು ಬಿಂಜ್ ಈಟಿಂಗ್‌ಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ (ಯೋಚನೆ, ವರ್ತನೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಮೊದಲ ಆಯ್ಕೆ. ಬುಲಿಮಿಯಾದಲ್ಲಿ, ಖಿನ್ನತೆಗೆ ಕೊಡುವ ಫ್ಲೂವಾಕ್ಸೆಟಿನ್ ಮಾತ್ರೆಯೂ ಸಹಾಯ ಮಾಡುತ್ತದೆ. ಹೊತ್ತುಹೊತ್ತಿಗೆ ಊಟ ಮಾಡುವುದನ್ನು ಕಲಿಸುವುದೇ ಈ ಥೆರಪಿಯ ಮೊದಲ ಹೆಜ್ಜೆ, ಏಕೆಂದರೆ ದಿನವಿಡೀ ಉಪವಾಸವಿದ್ದವರಿಗೆ ರಾತ್ರಿ ಹತೋಟಿ ತಪ್ಪುವುದು ಸಹಜ.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳು, ವೈದ್ಯಕೀಯ ಕಾಲೇಜುಗಳಲ್ಲಿ ನೆರವು ಕೇಳಬಹುದು. ಎಲ್ಲಿಂದ ಆರಂಭಿಸಬೇಕೆಂದು ತೋಚದವರಿಗೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಲೆಸುತ್ತಿ ಬೀಳುವುದು, ಎದೆಬಡಿತ ತೀರಾ ನಿಧಾನವಾಗುವುದು ಅಥವಾ ಏರುಪೇರಾಗುವುದು, ನೀರೂ ಸೇರದಿರುವುದು, ಸಾಯುವ ಮಾತು ಆಡುವುದು ಇವುಗಳಲ್ಲಿ ಯಾವುದೊಂದು ಕಂಡರೂ ಸಹಾಯವಾಣಿಗೆ ಕಾಯದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.